ಗುಡ್ಡ ಕುಸಿದ ಊರಿಗೆ ಸಿಬಿಟಿ ಜರ್ನಲ್ ಯಾಕೆ ಬೇಕು

ಸಿಬಿಟಿ, ಅಂದರೆ ಮಾತುಕತೆಯಿಂದ ಮನಸ್ಸಿನ ತೊಂದರೆಗೆ ಕೊಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಎಂಬ ಚಿಕಿತ್ಸೆ ಬಗ್ಗೆ ಬರುವ ಸಂಶೋಧನಾ ಜರ್ನಲ್‌ಗಳನ್ನು ಓದುತ್ತೇನೆ ಅಂದರೆ ಮಡಿಕೇರಿಯಲ್ಲಿ ಗೆಳೆಯರು ಕೇಳುವುದು ಒಂದೇ: ಅದರಿಂದ ನಮ್ಮ ಊರಿಗೇನು? ನ್ಯಾಯವಾದ ಪ್ರಶ್ನೆ. ಇಂಗ್ಲಿಷಿನಲ್ಲಿರುತ್ತೆ, ಎಷ್ಟೋ ಲೇಖನಗಳನ್ನು ದುಡ್ಡು ಕೊಟ್ಟೇ ಓದಬೇಕು. ಆದರೂ ಕೊಡಗಿಗೆ ಬೇಕಾದ್ದು ಅದರಲ್ಲಿ ತುಂಬಾ ಇದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಖಿನ್ನತೆ ಇರುವವರ ಜೊತೆ ಕೆಲಸ ಮಾಡುತ್ತಾ ಈ ದಾರಿ ಕಂಡುಕೊಂಡರು. ಮನಸ್ಸಿಗೆ ತಟ್ಟನೆ ಬರುವ ಯೋಚನೆಯನ್ನು ಹಿಡಿದು ನಿಲ್ಲಿಸಿ, ಇದು ನಿಜವಾ, ಇದಕ್ಕೆ ಆಧಾರ ಏನು ಅಂತ ಥೆರಪಿಸ್ಟ್ ಮತ್ತು ಬಂದವರು ಒಟ್ಟಿಗೆ ಕೂತು ನೋಡುವುದು. ಜೊತೆಗೆ ದಿನದ ನಡವಳಿಕೆಯನ್ನು ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುವುದು.

ನಮ್ಮಲ್ಲಿ ತೊಡಕು ಶುರುವಾಗುವುದು ಇಲ್ಲೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದು, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದದ್ದು ಯಾರಿಗೂ ಮರೆತಿಲ್ಲ. ನನ್ನ ಪರಿಚಯದ ಅಕ್ಕ ಒಬ್ಬರು, "ಮಳೆ ಜೋರಾದ್ರೆ ನಿದ್ದೆನೇ ಬರಲ್ಲ, ಕಿವಿಯೆಲ್ಲಾ ಗುಡ್ಡದ ಕಡೆಗೇ" ಅನ್ನುತ್ತಾರೆ. ಅವರ ಹತ್ತಿರ ಹೋಗಿ ನಿಮ್ಮ ಭಯಕ್ಕೆ ಆಧಾರ ಏನು ಅಂತ ಕೇಳೋಕಾಗುತ್ತಾ? ಆಧಾರ ಕಣ್ಣೆದುರೇ ಇದೆ, ಕೆಂಪು ಮಣ್ಣು ಬಿಟ್ಟುಕೊಂಡು. ಇಂಥ ಕಡೆ ಥೆರಪಿ ಭಯವನ್ನು ಸುಳ್ಳು ಅನ್ನಬಾರದು. ಎಷ್ಟು ಎಚ್ಚರ ನಿಜಕ್ಕೂ ಉಪಯೋಗ, ಎಷ್ಟು ಸುಮ್ನೆ ನಿದ್ದೆ ತಿನ್ನುತ್ತೆ ಅಂತ ಬಿಡಿಸಿ ನೋಡಬೇಕು. ಬ್ಯಾಗು ಕಟ್ಟಿಡುವುದು, ಯಾರ ಮನೆಗೆ ಹೋಗುವುದು ಅಂತ ಮೊದಲೇ ಮಾತಾಡಿಕೊಳ್ಳುವುದು ಉಪಯೋಗದ ಕೆಲಸ. ರಾತ್ರಿಯೆಲ್ಲಾ ಕಿಟಕಿ ಹತ್ತಿರ ನಿಂತಿರುವುದರಿಂದ ಮನೆ ಉಳಿಯುವುದಿಲ್ಲ.

ಇದನ್ನೆಲ್ಲಾ ಹೇಳಿಕೊಡೋರು ಯಾರು? ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್ ಮಾಡಿದವರು ಹಳ್ಳಿ ಹಳ್ಳಿಗೂ ಸಿಗುವುದಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ದೂರ. ನಾನು ಜರ್ನಲ್‌ಗಳ ಪರ ಇಷ್ಟು ವಾದ ಮಾಡುವುದು ಈ ಕಾರಣಕ್ಕೇ. 2008ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಪಾಕಿಸ್ತಾನದ ಹಳ್ಳಿಗಳ ಅಧ್ಯಯನ ಒಂದು ಬಂತು. ನಮ್ಮ ಆಶಾ ಕಾರ್ಯಕರ್ತೆಯರಂಥ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಖಿನ್ನತೆ ಇದ್ದ ಗರ್ಭಿಣಿಯರ ಮನೆಗೆ ಕಳಿಸಿ ಸಿಬಿಟಿ ಆಧಾರದ ಮಾತುಕತೆ ಮಾಡಿಸಿದರು. ಮಗು ಹುಟ್ಟಿ 6 ತಿಂಗಳಾದ ಮೇಲೆ ನೋಡಿದರೆ, ಈ ನೆರವು ಸಿಕ್ಕಿದ ತಾಯಂದಿರಲ್ಲಿ ಖಿನ್ನತೆ ಉಳಿದಿದ್ದು 23%, ಸಿಗದವರಲ್ಲಿ 53%. ಆಮೇಲೆ ನಮ್ಮ ಪಕ್ಕದ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಅವರ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥದ್ದೇ ಮಾಡಿತು. ಅಲ್ಲೂ ಮಾತಾಡಿಸಿದವರು ತರಬೇತಿ ಪಡೆದ ಸಾಮಾನ್ಯ ಜನ, ಆರರಿಂದ ಎಂಟು ಭೇಟಿ, ಅಷ್ಟೇ. ಫಲಿತಾಂಶ ಚೆನ್ನಾಗಿಯೇ ಬಂತು.

ಹಾಗಾದರೆ ಇಲ್ಲಿ ಯಾಕೆ ಆಗಬಾರದು? ಆದರೆ ಇದ್ದಂತೆಯೇ ಎತ್ತಿ ತಂದರೆ ನಡೆಯಲ್ಲ. ಬಂದ ಯೋಚನೆಗಳನ್ನು ದಿನಾ ಹಾಳೆಯಲ್ಲಿ ಬರೆದುಕೊಂಡು ಬನ್ನಿ ಅಂತ ಸಿಬಿಟಿಯಲ್ಲಿ ಹೋಂವರ್ಕ್ ಕೊಡುತ್ತಾರೆ. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಲ್ಲಿರುವ, ಓದು ಬರಹ ಇಲ್ಲದ ಅಮ್ಮನಿಗೆ ಆ ಹಾಳೆಯಿಂದ ಏನು ಪ್ರಯೋಜನ? ಪಾಕಿಸ್ತಾನದಲ್ಲಿ ಚಿತ್ರಗಳನ್ನು ಬಳಸಿದರು. ಇಲ್ಲೂ ಚಿತ್ರ ಬೇಕು, ಮಾತು ಬೇಕು, ಕನ್ನಡ ಒಂದೇ ಸಾಲದು, ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಯಲ್ಲೂ ಬೇಕು. ತರಬೇತಿ ಮುಂಗಾರಿಗೆ ಮೊದಲೇ ಮುಗಿಯಬೇಕು. ಮಳೆ ಹಿಡಿದ ಮೇಲೆ ಆಶಾ ಅಕ್ಕಂದಿರಿಗೆ ಉಸಿರಾಡೋಕೂ ಪುರುಸೊತ್ತಿರಲ್ಲ.

ಸೈಕಾಲಜಿ ಓದುತ್ತಿರುವ ಕೊಡಗಿನ ಹುಡುಗ ಹುಡುಗಿಯರು ತಿಂಗಳಿಗೆ ಒಂದು ಅಧ್ಯಯನವನ್ನಾದರೂ ಓದಿ, ಮನೆಯಲ್ಲಿ ಅವ್ವನಿಗೆ ಅರ್ಥ ಆಗುವ ಹಾಗೆ ಬರೆಯಿರಿ. ಉಚಿತವಾಗಿ ಓದಲು ಸಿಗುವಂಥವೂ ಬೇಕಾದಷ್ಟಿವೆ. ಯಾವುದರಿಂದ ಶುರು ಮಾಡಬೇಕು ಅಂತ ಗೊತ್ತಾಗದಿದ್ದರೆ ಕೇಳಿ, ನನ್ನ ಹತ್ತಿರ ಇರುವುದನ್ನು ಕಳಿಸುತ್ತೇನೆ. ಈಗಲೇ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎರಡೂ ಹೊತ್ತು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.