ಕ್ಯಾಟ್ ಬದಲಿಸುವ ಮೊದಲು ಅದನ್ನು ಹಾಳು ಮಾಡಿದ್ದು ಯಾವುದು ಅಂತ ನೋಡಿ

ನನ್ನ ಕಾರು ಎರಡು ಲಕ್ಷ ಕಿಲೋಮೀಟರ್ ದಾಟಿದೆ. ಇಷ್ಟು ಓಡಿದ ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ಪಿ0420 ಅನ್ನುವ ಕೋಡ್ ಒಂದಲ್ಲ ಒಂದು ದಿನ ಎದುರಾಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಚೆಕ್ ಎಂಜಿನ್ ಲೈಟು, ಸ್ಕ್ಯಾನರ್ ಹಾಕಿದರೆ ಈ ಕೋಡು. ಗ್ಯಾರೇಜಿನಲ್ಲಿ ಒಂದೇ ಮಾತು: ಕ್ಯಾಟಲಿಟಿಕ್ ಕನ್ವರ್ಟರ್ (ಎಕ್ಸಾಸ್ಟ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ, ಚಿಕ್ಕದಾಗಿ ಕ್ಯಾಟ್) ಹೋಗಿದೆ, ಬದಲಿಸಿ. ನನಗೂ ಅದನ್ನೇ ಹೇಳಿದರು. ಸರಿ, ಹೋಗಿರಬಹುದು. ಆದರೆ ಯಾಕೆ ಹೋಯಿತು? ಈ ಪ್ರಶ್ನೆಗೆ ಯಾರೂ ಉತ್ತರ ಹೇಳುವುದಿಲ್ಲ. ಕ್ಯಾಟ್‌ನಲ್ಲಿ ತಿರುಗುವ, ಉಜ್ಜುವ ಭಾಗ ಒಂದೂ ಇಲ್ಲ. ಅದು ತನ್ನಷ್ಟಕ್ಕೆ ಕೆಡುವುದು ಕಡಿಮೆ, ಹೆಚ್ಚಿನ ಸಲ ಎಂಜಿನ್ನೇ ಅದನ್ನು ಕೆಡಿಸಿರುತ್ತದೆ. ಎಂಜಿನ್ ರಿಪೇರಿ ಮಾಡದೆ ಹೊಸ ಕ್ಯಾಟ್ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ, ಅಷ್ಟೇ.

ಒಳಗೆ ಏನಿರುತ್ತದೆ ಅಂದರೆ, ಜೇನುಗೂಡಿನ ಹಾಗೆ ಸಣ್ಣ ಸಣ್ಣ ತೂತುಗಳಿರುವ ಸೆರಾಮಿಕ್ ಗಟ್ಟಿ. ಆ ತೂತುಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಎಲ್ಲ ಸೇರಿದರೂ ಕೆಲವೇ ಗ್ರಾಂ. ಹೊಗೆ ಇದರೊಳಗೆ ಹಾದು ಹೋಗುವಾಗ ಕಾರ್ಬನ್ ಮೊನಾಕ್ಸೈಡ್ ಮತ್ತು ಸುಡದೆ ಉಳಿದ ಪೆಟ್ರೋಲ್ ಆವಿ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುತ್ತವೆ, ನೈಟ್ರೋಜನ್ ಆಕ್ಸೈಡ್‌ಗಳು ಮತ್ತೆ ನೈಟ್ರೋಜನ್ ಆಗುತ್ತವೆ. ಇದೆಲ್ಲ ಶುರುವಾಗಬೇಕಾದರೆ ಕ್ಯಾಟ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಬೇಕು. ಲೇಪನದಲ್ಲಿ ಸೀರಿಯಂ ಅಂತ ಇನ್ನೊಂದು ಇದೆ, ಅದನ್ನು ಯಾರೂ ಹೆಸರಿಸುವುದಿಲ್ಲ. ಆಕ್ಸಿಜನ್ ಜಾಸ್ತಿ ಇದ್ದಾಗ ಹಿಡಿದಿಟ್ಟುಕೊಂಡು ಕಡಿಮೆಯಾದಾಗ ಬಿಟ್ಟುಕೊಡುವುದು ಅದರ ಕೆಲಸ. ಪಿ0420 ಬರುವುದು ಮುಖ್ಯವಾಗಿ ಈ ಸೀರಿಯಂ ಸೋತಾಗ.

ಕ್ಯಾಟ್‌ಗೆ ಮೊದಲು ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ, ನಂತರ ಇನ್ನೊಂದು. ಮೊದಲನೆಯದರ ವೋಲ್ಟೇಜ್ 0.1ರಿಂದ 0.9ರ ನಡುವೆ ಸದಾ ಏರಿಳಿಯುತ್ತದೆ (ಹೊಸ ಬಗೆಯ ವೈಡ್‌ಬ್ಯಾಂಡ್ ಸೆನ್ಸರ್ ಇದ್ದರೆ ಲೆಕ್ಕ ಬೇರೆ). ಕ್ಯಾಟ್ ಚೆನ್ನಾಗಿದ್ದರೆ ಎರಡನೆಯದು 0.6, 0.7ರ ಆಸುಪಾಸಿನಲ್ಲಿ ಸುಮ್ಮನೆ ನಿಂತಿರುತ್ತದೆ. ಅದೂ ಮೊದಲನೆಯದರಂತೆ ಕುಣಿಯತೊಡಗಿದರೆ ಕ್ಯಾಟ್‌ನಲ್ಲಿ ಆಕ್ಸಿಜನ್ ನಿಲ್ಲುತ್ತಿಲ್ಲ ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಅಂದರೆ ಹೊಗೆಯಲ್ಲಿ ಎಷ್ಟು ವಿಷ ಇದೆ ಅಂತ ಅದು ಅಳೆಯುವುದೇ ಇಲ್ಲ, ಎರಡು ಸೆನ್ಸರ್‌ಗಳನ್ನು ಹೋಲಿಸಿ ಊಹೆ ಮಾಡುತ್ತದೆ. ಆ ಊಹೆ ತಪ್ಪಲೂಬಹುದು. ಸೆನ್ಸರ್ ಹತ್ತಿರ ಗ್ಯಾಸ್ಕೆಟ್ ಸೋರಿ ಹೊರಗಿನ ಗಾಳಿ ಒಳಗೆ ಸೇರಿದರೂ ಇದೇ ಕೋಡ್ ಬರಬಹುದು. ಕೆಲವು ಮಾಡೆಲ್‌ಗಳಲ್ಲಿ ಕಂಪ್ಯೂಟರಿನ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೇ ಸರಿಹೋಗಿದ್ದೂ ಇದೆ. ಹಾಗಾಗಿ ಮೊದಲು ಎಕ್ಸಾಸ್ಟ್ ಸೋರಿಕೆ ನೋಡಿ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಗಳು) ಹತ್ತಿರ ಟಿಕ್ ಟಿಕ್ ಸದ್ದು ಬರುತ್ತದಾ ಕೇಳಿ, ಜೋಡಣೆಗಳ ಸುತ್ತ ಕಪ್ಪು ಮಸಿ ಹತ್ತಿದೆಯಾ ನೋಡಿ.

ಕ್ಯಾಟ್ ಅನ್ನು ಬೇಗ ಮುಗಿಸುವುದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು. ಕಿಡಿ ಹಾರಿಸುವ ಪ್ಲಗ್ ಅಥವಾ ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಕೈಕೊಟ್ಟರೆ ಆ ಸಿಲಿಂಡರಿನ ಪೆಟ್ರೋಲ್ ಸುಡದೆ ನೇರ ಕ್ಯಾಟ್‌ಗೆ ಬಂದು ಅಲ್ಲಿ ಉರಿಯುತ್ತದೆ. ಆಗ ಒಳಗಿನ ಬಿಸಿ 1000 ಡಿಗ್ರಿ ದಾಟಬಹುದು. ಮೊದಲು ಲೇಪನ ಸಾಯುತ್ತದೆ, ಇನ್ನೂ ಮುಂದುವರಿದರೆ ಸೆರಾಮಿಕ್ಕೇ ಕರಗಿ ತೂತುಗಳು ಮುಚ್ಚಿಕೊಳ್ಳುತ್ತವೆ. ಚೆಕ್ ಎಂಜಿನ್ ಲೈಟ್ ಸುಮ್ನೆ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸ ಇದೆ, ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಮಿನುಗುತ್ತಿದ್ದರೆ ಕ್ಯಾಟ್ ಸುಡುವಷ್ಟು ಮಿಸ್‌ಫೈರ್ ಆಗುತ್ತಿದೆ ಅಂತ ಅರ್ಥ. ಮನೆ ಹತ್ತಿರವೇ ಇದೆ, ಹೇಗೋ ತಲುಪಿಬಿಡೋಣ ಅಂತ ಆಕ್ಸಿಲರೇಟರ್ ಒತ್ತಿಕೊಂಡು ಹೋದರೆ ಒಂದು ಕಾಯಿಲ್‌ನಲ್ಲಿ ಮುಗಿಯುತ್ತಿದ್ದ ಖರ್ಚು ಕ್ಯಾಟ್‌ವರೆಗೂ ಬೆಳೆಯುತ್ತದೆ.

ಹೆಚ್ಚು ಓಡಿದ ಕಾರುಗಳಲ್ಲಿ ಇನ್ನೊಂದು ನಿಧಾನದ ಕಾರಣ ಇದೆ: ಆಯಿಲ್. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಸ್ವಲ್ಪ ಸ್ವಲ್ಪವೇ ಆಯಿಲ್ ಕುಡಿಯುತ್ತಿರುತ್ತದೆ. ನೀಲಿ ಹೊಗೆ ಕಾಣಲೇಬೇಕು ಅಂತಿಲ್ಲ. ಎಂಜಿನ್ ಸವೆಯದಿರಲಿ ಅಂತ ಆಯಿಲ್‌ಗೆ ಸೇರಿಸುವ ರಂಜಕ ಮತ್ತು ಸತು ಸುಟ್ಟು ಬೂದಿಯಾಗಿ ಕ್ಯಾಟ್‌ನ ಲೇಪನದ ಮೇಲೆ ಪದರ ಕಟ್ಟುತ್ತವೆ. ಲೋಹ ಅಲ್ಲೇ ಇರುತ್ತದೆ, ಆದರೆ ಹೊಗೆ ಅದನ್ನು ಮುಟ್ಟುವುದಿಲ್ಲ. ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ಒಳಗೆ ಸೇರಿದರೂ ಇದೇ ಕಥೆ. ಹಿಂದೆ ಪೆಟ್ರೋಲಿನಲ್ಲಿದ್ದ ಸೀಸವೂ ಇದೇ ಕೆಲಸ ಮಾಡುತ್ತಿತ್ತು. 1975ರ ಮಾಡೆಲ್‌ಗಳಿಂದ ಅಮೆರಿಕದ ಕಾರುಗಳಿಗೆ ಕ್ಯಾಟ್ ಬಂದಾಗ ಸೀಸ ಇಲ್ಲದ ಪೆಟ್ರೋಲ್ ಬೇಕೇಬೇಕಾಗಿದ್ದು ಅದಕ್ಕೇ.

ನನ್ನ ಕಾರಿನಲ್ಲಿ ಆಗಿದ್ದು ಆಯಿಲ್ ಕಥೆಯೇ. ಮಿಸ್‌ಫೈರ್ ಕೋಡ್ ಇರಲಿಲ್ಲ, ಎಕ್ಸಾಸ್ಟ್ ಸೋರುತ್ತಿರಲಿಲ್ಲ. ಆದರೆ ಒಂದು ಸರ್ವೀಸಿನಿಂದ ಇನ್ನೊಂದಕ್ಕೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಿತ್ತು, ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಪ್ಲಗ್‌ಗಳನ್ನು ಬಿಚ್ಚಿಸಿದಾಗ ಒಂದರ ತುದಿಯಲ್ಲಿ ಬೂದಿ ಗಟ್ಟಿ ಕಟ್ಟಿತ್ತು. ಮೊದಲು ಪಿಸಿವಿ ವಾಲ್ವ್ ಬದಲಿಸಿದೆವು. ಎಂಜಿನ್ ಒಳಗಿನ ಆವಿಯನ್ನು ಮತ್ತೆ ಸಿಲಿಂಡರಿನ ಕಡೆ ಕಳಿಸುವ ಚಿಕ್ಕ ಭಾಗ, ಅದು ಕಟ್ಟಿಕೊಂಡರೂ ಎಂಜಿನ್ ಆಯಿಲ್ ಎಳೆಯುತ್ತದೆ. ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ಆಮೇಲೆ ವಾಲ್ವ್ ಸೀಲ್ ಹಾಕಿಸಿ, ಆಯಿಲ್ ಮಟ್ಟ ನಿಂತಿದೆ ಅಂತ ಖಾತ್ರಿಯಾದ ಮೇಲೆಯೇ ಕ್ಯಾಟ್‌ಗೆ ಕೈ ಹಾಕಿದ್ದು. ಅಲ್ಲಿಯವರೆಗೆ ಹಳದಿ ಲೈಟು ಉರಿಯುತ್ತಲೇ ಇತ್ತು, ಉರಿಯಲಿ ಅಂತ ಬಿಟ್ಟೆ. ಕಾರು ಎಳೆಯುತ್ತಿದೆ, ಮಿಸ್‌ಫೈರ್ ಇಲ್ಲ ಅಂದರೆ ಈ ಒಂದು ಕೋಡ್‌ಗೆ ಗಾಬರಿಯಾಗಬೇಕಿಲ್ಲ.

ಗಾಬರಿಯಾಗಬೇಕಾದದ್ದು ಕ್ಯಾಟ್ ಕಟ್ಟಿಕೊಂಡಾಗ. ಪಿಕಪ್ ಸತ್ತುಹೋಗುತ್ತದೆ, ಎಷ್ಟು ಒತ್ತಿದರೂ ಆರ್‌ಪಿಎಂ ಏರುವುದಿಲ್ಲ, ಕೆಳಗಿನಿಂದ ವಿಪರೀತ ಬಿಸಿ ಬಡಿಯುತ್ತದೆ, ಕೊನೆಗೆ ಸ್ಟಾರ್ಟ್ ಆಗಿ ಆಫ್ ಆಗತೊಡಗುತ್ತದೆ. ಇದನ್ನು ಊಹೆ ಮಾಡಬೇಕಿಲ್ಲ, ಅಳೆಯಬಹುದು. ಮೊದಲ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಪ್ರೆಷರ್ ಗೇಜ್ ಹಾಕಿದರೆ ಐಡಲ್‌ನಲ್ಲಿ ಸಾಮಾನ್ಯವಾಗಿ ಒಂದೂವರೆ ಪಿಎಸ್‌ಐ (ಒತ್ತಡದ ಅಳತೆ) ಒಳಗೆ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ ಇರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ಹೊಗೆ ಹೊರಗೆ ಹೋಗಲು ದಾರಿಯಿಲ್ಲ ಅಂತ. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಗಲಗಲ ಅಂದರೆ ಸೆರಾಮಿಕ್ ಒಡೆದಿರಬಹುದು. ಆ ಚೂರುಗಳು ಮುಂದೆ ಹೋಗಿ ಸೈಲೆನ್ಸರ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ಇಂಥ ಕಾರನ್ನು ಓಡಿಸುತ್ತಾ ಇರಬೇಡಿ.

ಟ್ಯಾಂಕಿಗೆ ಸುರಿಯುವ ಕ್ಯಾಟ್ ಕ್ಲೀನರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕರಗಿದ ಸೆರಾಮಿಕ್ ಅದರಿಂದ ಮತ್ತೆ ತೆರೆಯುವುದಿಲ್ಲ, ಆಯಿಲ್ ಬೂದಿಯ ಪದರವೂ ಹೋಗುವುದಿಲ್ಲ. ಎರಡನೇ ಸೆನ್ಸರ್ ಅನ್ನು ಹೊಗೆಯಿಂದ ಸ್ವಲ್ಪ ದೂರ ಇಡುವ ಸ್ಪೇಸರ್ ಹಾಕಿ ಕಂಪ್ಯೂಟರಿಗೆ ಮಂಕುಬೂದಿ ಎರಚುವ ಉಪಾಯವೂ ಇದೆ, ಲೈಟು ಆರುತ್ತದೆ, ಹೊಗೆ ಹಾಗೇ ಇರುತ್ತದೆ. ಇನ್ನು ಕ್ಯಾಟ್ ಒಳಗಿನದ್ದನ್ನೆಲ್ಲ ಕೆರೆದು ಖಾಲಿ ಡಬ್ಬ ಹಾಕುವುದು, ಅದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಹಿಂದೆ ಬರುವವರು ನಮ್ಮ ಹೊಗೆ ಯಾಕೆ ಕುಡಿಯಬೇಕು ಹೇಳಿ?

ಹೊಸದು ತೆಗೆದುಕೊಳ್ಳುವಾಗ ಅಗ್ಗದ್ದಕ್ಕೂ ಕಂಪನಿಯದ್ದಕ್ಕೂ ದರದಲ್ಲಿ ಅಷ್ಟೊಂದು ಅಂತರ ಯಾಕೆ ಅಂದರೆ ಮುಖ್ಯವಾಗಿ ಒಳಗಿನ ಲೋಹ. ಅಗ್ಗದ್ದರಲ್ಲಿ ಲೇಪನ ತೆಳು, ಆಕ್ಸಿಜನ್ ಹಿಡಿಯುವ ಶಕ್ತಿ ಕಡಿಮೆ, ಅದಕ್ಕೇ ಎಷ್ಟೋ ಸಲ ಅದೇ ಕೋಡ್ ಬೇಗ ವಾಪಸ್ ಬರುತ್ತದೆ. ಕಾರನ್ನು ಇನ್ನೂ ಕೆಲವು ವರ್ಷ ಓಡಿಸುವುದಾದರೆ ಒಳ್ಳೆಯದನ್ನೇ ಹಾಕಿಸಿ. ಮಾರುವ ಯೋಚನೆ ಇದ್ದರೆ ಲೆಕ್ಕ ನಿಮ್ಮದು. ಹಳೆಯ ಕ್ಯಾಟ್ ಅನ್ನು ಮಾತ್ರ ಗ್ಯಾರೇಜಿನಲ್ಲಿ ಸುಮ್ನೆ ಬಿಟ್ಟು ಬರಬೇಡಿ. ಕೆಲಸ ಮಾಡದಿದ್ದರೂ ಲೋಹ ಒಳಗೇ ಇದೆ, ಗುಜರಿಯಲ್ಲಿ ಅದಕ್ಕೆ ಬೆಲೆ ಇದೆ. ಕಳ್ಳರು ಕಾರಿನ ಕೆಳಗೆ ನುಗ್ಗಿ ಗರಗಸ ಹಿಡಿಯುವುದೂ ಅದಕ್ಕೇ ಅಲ್ವಾ.

ಹಾಕಿಸುವ ದಿನ ಹಳೆಯ ಗ್ಯಾಸ್ಕೆಟ್ ಮತ್ತೆ ಬಳಸದಂತೆ ನೋಡಿಕೊಳ್ಳಿ. ತುಕ್ಕು ಹಿಡಿದ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಮುರಿಯುವುದು ಕಡಿಮೆ. ಕೋಡ್ ಅಳಿಸಿದ ತಕ್ಷಣ ಲೈಟು ಆರಿತು ಅಂದರೆ ಸರಿಯಾಯಿತು ಅಂತಲ್ಲ, ಅಳಿಸಿದಾಗ ಕಂಪ್ಯೂಟರ್ ತನ್ನ ಪರೀಕ್ಷೆಗಳನ್ನೂ ಮರೆತಿರುತ್ತದೆ. ಹೊಗೆ ತಪಾಸಣೆಗೆ ಅವತ್ತೇ ಓಡಬೇಡಿ. ತಣ್ಣನೆಯ ಸ್ಟಾರ್ಟ್, ಹೆದ್ದಾರಿಯಲ್ಲಿ ಒಂದೇ ವೇಗದ ಓಟ, ಹೀಗೆ ಕೆಲವು ದಿನ ಓಡಿಸಿ, ಸ್ಕ್ಯಾನರಿನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಕಂಪ್ಯೂಟರ್ ಮಾಡುವ ಕ್ಯಾಟ್ ಪರೀಕ್ಷೆ) ರೆಡಿ ಅಂತ ತೋರಿಸಿದ ಮೇಲೆ ಹೋಗಿ.