ಮಂಕು ಹೆಡ್‌ಲೈಟಿಗೆ ಹೊಸ ಬಲ್ಬ್ ಔಷಧಿ ಅಲ್ಲ

ಹಳೇ ಕಾರಿನ ಹೆಡ್‌ಲೈಟ್ ಮಂಕಾಯ್ತು ಅಂದ್ರೆ ಎಲ್ರೂ ಮಾಡೋದು ಒಂದೇ ಕೆಲ್ಸ, ಅಂಗಡಿಗೆ ಹೋಗಿ 100/90 ವ್ಯಾಟ್ ಬಲ್ಬ್ ತರೋದು. ಮಾಮೂಲಿ 60/55 ವ್ಯಾಟ್ (ಬ್ರೈಟ್/ಡಿಮ್) ಬಲ್ಬಿಗೇ ಕಷ್ಟಪಡ್ತಿರೋ ವೈರಿಗೆ ಇನ್ನಷ್ಟು ಲೋಡ್ ಹಾಕಿದ್ರೆ ಹೋಲ್ಡರ್ ಕರಗದೆ ಇನ್ನೇನಾಗುತ್ತೆ ಹೇಳಿ.

ನಮ್ ಚಿಕ್ಕಪ್ಪನೂ ಅದನ್ನೇ ತಂದಿಟ್ಕೊಂಡಿದ್ರು. ಪಾರ್ಕಿಂಗ್ ಲೈಟ್ ಹಾಕಿದ್ರೆ ಡ್ಯಾಶ್‌ಬೋರ್ಡಿನ ಮೀಟರ್ ಲೈಟ್ ಚೆನ್ನಾಗೇ ಬರುತ್ತೆ, ಹೆಡ್‌ಲೈಟ್ ಆನ್ ಮಾಡಿದ್ ತಕ್ಷಣ ಅದೂ ಡಲ್. "ಬಲ್ಬ್ ಹೋಗಿದೆ ಕಣೋ" ಅಂದ್ರು. "ಇರಿ ಚಿಕ್ಕಪ್ಪ, ಮೊದ್ಲು ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡೋಣ" ಅಂದೆ. ಇಂಜಿನ್ ಸ್ಟಾರ್ಟ್ ಮಾಡಿ ಲೈಟ್ ಹಾಕಿ ಮಲ್ಟಿಮೀಟರ್ ಇಟ್ರೆ ಬ್ಯಾಟರೀಲಿ 14.1 ವೋಲ್ಟ್, ಬಲ್ಬ್ ಪಿನ್ನಲ್ಲಿ ಬರೀ 11.8. ಇಷ್ಟು ವೋಲ್ಟೇಜ್ ಬಿದ್ರೆ ಹ್ಯಾಲೊಜೆನ್ ಬೆಳಕು ಹತ್ರತ್ರ ಅರ್ಧಕ್ಕೇ ಇಳಿಯುತ್ತೆ. ಆ 2.3 ವೋಲ್ಟ್ ಎಲ್ ಹೋಯ್ತು ಅಂತ ಹುಡುಕೋದೇ ಅಸಲಿ ಕೆಲ್ಸ. ಲೈಟ್ ಉರೀತಿರೋವಾಗ್ಲೇ ಬ್ಯಾಟರಿ ಮೈನಸ್ಸಿಂದ ಬಲ್ಬಿನ ಅರ್ತ್ ಪಿನ್ನಿಗೆ (ಕರೆಂಟ್ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗೋ ಕಡೆ) ನೋಡಿದ್ರೆ 1.4 ವೋಲ್ಟ್. ಅಂದ್ರೆ ಅರ್ಧಕ್ಕಿಂತ ಜಾಸ್ತಿ ಅರ್ತಿಂಗಲ್ಲೇ ಸೋರ್ತಿತ್ತು! ಹೆಡ್‌ಲೈಟ್ ಹಿಂದೆ ಬಾಡಿಗೆ ಕೂರಿಸಿರೋ ಬೋಲ್ಟ್ ಬಿಚ್ಚಿದ್ರೆ ಕೆಳಗೆ ತುಕ್ಕು, ರಿಂಗ್ ಟರ್ಮಿನಲ್ ಮೇಲೆ ಹಸಿರು ಕಿಲುಬು. ಎಮರಿ ಪೇಪರಲ್ಲಿ ಮೆಟಲ್ ಹೊಳೆಯೋವರೆಗೂ ಉಜ್ಜಿ, ಟೈಟ್ ಮಾಡಿ, ಮೇಲೆ ಗ್ರೀಸ್ ಹಚ್ಚಿದ್ ಮೇಲೆ 0.1ಕ್ಕೆ ಬಂತು.

ಉಳಿದ 0.9 ಪ್ಲಸ್ ಕಡೇದು. ಈ ಕಾರಲ್ಲಿ ಹೆಡ್‌ಲೈಟಿಗೆ ರಿಲೇನೇ (ಸ್ವಿಚ್ಚಿನ ಸಣ್ಣ ಕರೆಂಟಲ್ಲಿ ದೊಡ್ಡ ಕರೆಂಟನ್ನ ಆನ್-ಆಫ್ ಮಾಡೋ ಡಬ್ಬಿ) ಇಲ್ಲ, ಎರಡೂ ಬಲ್ಬಿನ 9 ಆಂಪಿಯರ್ ಪೂರ್ತಿ ಸ್ಟೇರಿಂಗ್ ಪಕ್ಕದ ಸ್ವಿಚ್ಚಲ್ಲೇ ಹರೀಬೇಕು. ಅದಕ್ಕೆ ಡಿಮ್‌ಗೊಂದು ಬ್ರೈಟ್‌ಗೊಂದು ರಿಲೇ ಹಾಕಿಸಿದ್ವಿ. ರಿಲೇ ಪಿನ್ ನಂಬರ್ 30ಕ್ಕೆ ಬ್ಯಾಟರಿಯಿಂದ ನೇರ ಲೈನ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ ವೈರು, 85 ಅರ್ತ್. ಹೆಡ್‌ಲೈಟಿನ ಲೋಡ್ ಸ್ವಿಚ್ಚಿಂದ ಇಳಿದಿದ್ದೇ ತಡ, ಮೀಟರ್ ಲೈಟ್ ಡಲ್ ಆಗೋದೂ ನಿಂತೋಯ್ತು, ಅದಕ್ಕೂ ಕರೆಂಟ್ ಬರ್ತಿದ್ದಿದ್ದು ಅದೇ ಫೀಡಿಂದ.

ಮೀಟರ್ ಲೈಟ್ ಪೂರ್ತಿ ಸತ್ತೋಗಿದ್ರೆ ಕಥೆ ಬೇರೆ. ಡ್ಯಾಶ್‌ಬೋರ್ಡ್ ಬಿಚ್ಚೋಕ್ ಹೋಗ್ಬೇಡಿ, ಇಳಿದು ಕಾರಿನ ಹಿಂದೆ ಹೋಗಿ ನೋಡಿ. ಎಷ್ಟೋ ಕಾರಲ್ಲಿ ಇದಕ್ಕೂ ಟೇಲ್ ಲ್ಯಾಂಪಿಗೂ ಒಂದೇ ಫ್ಯೂಸು, ಅದೂ ಆರಿದ್ರೆ ಹೆಚ್ಚಾಗಿ ಫ್ಯೂಸೇ ಹೋಗಿರೋದು. ಹಾಕಿದ್ ಹೊಸ ಫ್ಯೂಸೂ ಹೋದ್ರೆ ಎಲ್ಲೋ ವೈರ್ ಬಾಡಿಗೆ ತಾಗ್ತಿದೆ, ಅದನ್ನ ಹುಡುಕಿ, 10 ಆಂಪಿಯರ್ ಫ್ಯೂಸಿನ ಜಾಗಕ್ಕೆ 20ರದ್ದು ಹಾಕೋ ಬುದ್ಧಿವಂತಿಕೆ ಬೇಡ. ಟೇಲ್ ಲ್ಯಾಂಪ್ ಉರೀತಿದ್ರೆ ಮೀಟರ್ ಲೈಟ್ ಹೆಚ್ಚು-ಕಮ್ಮಿ ಮಾಡೋ ಡಿಮ್ಮರ್ ಚಕ್ರ ಒಂದ್ಸಲ ತಿರುಗಿಸಿ, ಮನೇಲಿ ಮಕ್ಕಳಿದ್ರಂತೂ ಮೊದ್ಲು ಅದನ್ನೇ.