ಸ್ಟೇಬಲ್ ಅನ್ನುವ ಮುಂಚೆ

14 ನವೆಂಬರ್ 2025, ಶುಕ್ರವಾರ

ಇಡೀ ದಿನ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಂಜೆ ಗೆಳೆಯ ನಮ್ಮ ಸಾಫ್ಟ್‌ವೇರಿನ ಹೊಸ ಆವೃತ್ತಿಯ ಬಗ್ಗೆ ಫೋನ್ ಮಾಡಿದ್ದೊಂದು ಮಾತ್ರ ತಲೆಯಲ್ಲಿ ಸುತ್ತುತ್ತಿದೆ.

"ಟೆಸ್ಟ್ ಎಲ್ಲಾ ಪಾಸ್ ಆಗಿದೆ ಕಣೋ. ಸ್ಟೇಬಲ್ ಅಂತ ಟ್ಯಾಗ್ ಹಾಕಿಬಿಡ್ಲಾ?"

"ಆ ಟೈಮ್‌ಔಟ್ ಏನು ಮಾಡಿದೆ?" ಅಂದೆ.

ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ಸೆಟ್ಟಿಂಗ್ ಅದು. ಹಿಂದಿನ ಆವೃತ್ತಿಯಲ್ಲಿ ಸೆಕೆಂಡ್ ಲೆಕ್ಕ. ಈಗ ಮಿಲಿಸೆಕೆಂಡ್. ಸೆಟ್ಟಿಂಗ್‌ನ ಹೆಸರು ಅದೇ. ಕಾನ್ಫಿಗ್ ಫೈಲಿನಲ್ಲಿ 30 ಅಂತ ಬರೆದು ನೆಮ್ಮದಿಯಾಗಿರುವವರು ಸುಮ್ನೆ ಅಪ್‌ಡೇಟ್ ಮಾಡಿದರೆ ಸಾಕು, ಕನೆಕ್ಷನ್‌ಗಳು ಒಂದಾದ ಮೇಲೊಂದು ಕಡಿದುಹೋಗುತ್ತವೆ. ಟೆಸ್ಟ್‌ಗೆ ಇದು ಕಾಣುವುದಿಲ್ಲ. ಟೆಸ್ಟನ್ನೂ ಹೊಸ ಲೆಕ್ಕಕ್ಕೆ ತಿದ್ದಿಯಾಗಿದೆ.

"ಚೇಂಜ್‌ಲಾಗ್‌ನಲ್ಲಿ ಬರೆದಿದ್ದೀನಲ್ಲ" ಅಂದ.

ಬದಲಾವಣೆಗಳ ಆ ಪಟ್ಟಿಯಲ್ಲಿ ಬರೆದರೆ ಮುಗಿಯಿತಾ? ಸ್ಟೇಬಲ್ ಅಂದಮೇಲೆ ಅದು ಬಳಸುವವರಿಗೆ ಕೊಟ್ಟ ಮಾತು. ಬಗ್ ಇರಬಹುದು, ಇದ್ದೇ ಇರುತ್ತವೆ. ಆದರೆ ಇವತ್ತು ನಡೆದದ್ದು ನಾಳೆಯೂ ಹಾಗೇ ನಡೆಯಬೇಕು. ತಪ್ಪು ಸಿಕ್ಕರೆ ಅಷ್ಟನ್ನೇ ಸರಿಮಾಡಬೇಕು, ಮಿಕ್ಕದ್ದನ್ನು ಮುಟ್ಟಬಾರದು. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನವರು ತಮ್ಮ ಸ್ಟೇಬಲ್‌ನಲ್ಲಿ ಮಾಡುವುದು ಇದನ್ನೇ. ಸೆಕ್ಯುರಿಟಿ ದೋಷ ಸಿಕ್ಕರೆ ಸಾಮಾನ್ಯವಾಗಿ ಹೊಸ ಆವೃತ್ತಿಯನ್ನೇ ತಂದು ಸುರಿಯುವುದಿಲ್ಲ, ಆ ತಿದ್ದುಪಡಿಯನ್ನಷ್ಟೇ ಹಳೆಯದಕ್ಕೆ ಹೊಂದಿಸುತ್ತಾರೆ. "ಅಲ್ಲಿ ಎಲ್ಲಾ ಹಳೇದು" ಅಂತ ಗೊಣಗುವವರು ಜಾಸ್ತಿ. ಆದರೆ 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಸಾಫ್ಟ್‌ವೇರಿನ 5.6.0 ಮತ್ತು 5.6.1ರಲ್ಲಿ ಯಾರೋ ಕದ್ದು ಒಳನುಗ್ಗಲು ಬೇಕಂತಲೇ ಇಟ್ಟ ಹಿಂಬಾಗಿಲು ಸಿಕ್ಕಿತಲ್ಲ, ಆಗ ಆ ಕೋಡ್ ಹೊಸದನ್ನು ಮೊದಲು ಓಡಿಸಿ ನೋಡುವ ಡೆಬಿಯನ್ನಿನ ಅನ್‌ಸ್ಟೇಬಲ್‌ಗೂ ಟೆಸ್ಟಿಂಗ್‌ಗೂ ಬಂದಾಗಿತ್ತು. ಸ್ಟೇಬಲ್‌ಗೆ ಬಂದಿರಲಿಲ್ಲ.

ಹಾಗಂತ ಹೊಸದು ಬೇಡ ಅಂತಲ್ಲ. ಆ ಹಿಂಬಾಗಿಲನ್ನು ಹಿಡಿದ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅನ್‌ಸ್ಟೇಬಲ್ ಓಡಿಸುತ್ತಿದ್ದವರೇ. ದೂರದ ಕಂಪ್ಯೂಟರಿಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನವಾಗಿದೆ ಅಂತ ಬೆನ್ನುಹತ್ತಿದರು. ಎಂಥ ತಾಳ್ಮೆ! ಹೊಸದನ್ನು ಓಡಿಸಿ ನೋಡುವವರು ಬೇಕೇ ಬೇಕು. ಆದರೆ ಅವರು ಗೊತ್ತಿದ್ದೇ ಒಪ್ಪಿಕೊಂಡಿರುತ್ತಾರೆ. 30 ಅಂತ ಬರೆದುಕೊಂಡ ನಮ್ಮವರನ್ನು ಯಾರು ಕೇಳಿದರು?

ಗೆಳೆಯನ ಮೇಲೆ ಸಿಟ್ಟಿಲ್ಲ. ಧ್ವನಿಯಲ್ಲೇ ಸುಸ್ತು ಕೇಳುತ್ತಿತ್ತು. ಹಳೇ ಆವೃತ್ತಿ ನೋಡಿಕೊಳ್ಳುವ ಕೆಲಸಕ್ಕೆ ಸಂಬಳವೂ ಇಲ್ಲ, ಶಹಬ್ಬಾಸ್ ಅನ್ನುವವರೂ ಇಲ್ಲ. ಹೊಸ ಫೀಚರ್ ಬಂದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಏನೂ ಮುರಿಯಲಿಲ್ಲ ಅಂತ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಅದು ನನಗೆ ನಿಜಕ್ಕೂ ಬೇಜಾರು.

ಕೊನೆಗೆ, ಹಳೇ ಹೆಸರು ಸೆಕೆಂಡಿನಲ್ಲೇ ಇರಲಿ, ಮಿಲಿಸೆಕೆಂಡಿಗೆ ಬೇರೆ ಹೆಸರು ಕೊಡೋಣ ಅಂದೆ. ಒಪ್ಪಿದ.

"ಹಳೇ ಹೆಸರನ್ನ ಎಷ್ಟು ವರ್ಷ ಇಟ್ಕೊಳ್ಳೋದು?" ಅಂತ ಕೇಳಿದ. ಒಂದು ವರ್ಷ ಅನ್ನೋಣ ಅಂದುಕೊಂಡೆ. ಆದರೆ ಡೆಬಿಯನ್ ಸ್ಟೇಬಲ್ ಬರುವುದೇ ಸುಮಾರು ಎರಡು ವರ್ಷಕ್ಕೊಮ್ಮೆ. ಅದರ ಜೊತೆಗೇ ಅಪ್‌ಗ್ರೇಡ್ ಆಗುವವರಿಗೆ ಹಳೇ ಹೆಸರು ಹೋಗುತ್ತದೆ ಅನ್ನುವ ನಮ್ಮ ಎಚ್ಚರಿಕೆಯ ಸಾಲು ಒಮ್ಮೆಯಾದರೂ ಕಣ್ಣಿಗೆ ಬೀಳಬೇಕು ಅಂದರೆ…